ಕೆಳಗಿಟ್ಟ ಕಹ್ವಾ

2025ರಲ್ಲಿ ಈದ್ ಹಬ್ಬ ಬಂದಾಗ ನಮ್ಮ ಕ್ರೈಸ್ತರ ತಪಸ್ಸು ಕಾಲ ಇನ್ನೂ ಮುಗಿದಿರಲಿಲ್ಲ. ಅಷ್ಟೇ ಕಾರಣಕ್ಕೆ ನನ್ನಿಂದ ಒಂದು ಎಡವಟ್ಟು ನಡೆದುಹೋಯಿತು. ಆ ಎಡವಟ್ಟು ಆಗದೇ ಇದ್ದಿದ್ದರೆ ಇವತ್ತು ನಾನು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ, ಒಮಾನಿನಲ್ಲಂತೂ ಇರುತ್ತಿರಲಿಲ್ಲ.

ನನ್ನ ಹೆಸರು ವಿನ್ಸೆಂಟ್. ಹುಟ್ಟಿದ್ದು ಉಡುಪಿಗೂ ಕುಂದಾಪುರಕ್ಕೂ ನಡುವಿನ ಒಂದು ಹೊಳೆ ದಡದ ಊರಿನಲ್ಲಿ. ಈಗ ಇರುವುದು ಸೊಹಾರ್ ಬಂದರಿನಿಂದ ಪಶ್ಚಿಮಕ್ಕೆ, ಬುರೈಮಿ ಗಡಿಯ ಕಡೆ ಹೋಗುವ ರಸ್ತೆಯಲ್ಲಿ, ಬೋಳು ಗುಡ್ಡಗಳ ನಡುವೆ. ಇಲ್ಲಿಯ ಊರಿನ ಹೆಸರು ಹೇಳಿದರೂ ನಿಮಗೆ ಗೊತ್ತಾಗದು. ಲಾರಿ ಓಡಿಸುವವರು ಅದನ್ನು ‘ಆಧಾ ರಾಸ್ತಾ’ ಎನ್ನುತ್ತಾರೆ, ಅರ್ಧ ದಾರಿ ಎಂದು. ಹತ್ತೊಂಬತ್ತು ವರ್ಷಗಳಿಂದ ನಾನು ಇಲ್ಲಿ ಒಂದು ಕೆಫೆಟೇರಿಯಾ ನಡೆಸುತ್ತಿದ್ದೇನೆ. ದೊಡ್ಡದೇನಲ್ಲ. ನಾಲ್ಕು ಮೇಜು, ದಿನವಿಡೀ ಕುದಿಯುವ ಕರಕ್ ಚಹಾದ ಪಾತ್ರೆ, ಪರೋಟ ಬೇಯಿಸುವ ಒಂದು ಕಾವಲಿ. ಲಾರಿಯವರು ಒಳಗೆ ಬಂದು ಕೂರುತ್ತಾರೆ. ಊರಿನವರು ಕಾರಿನಿಂದ ಇಳಿಯುವುದಿಲ್ಲ, ಹೊರಗೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಚಹಾ ಹಿಡಿದು ನಾನೇ ಓಡಬೇಕು. ನನ್ನ ಹೊಟ್ಟೆ ಇಷ್ಟಾದರೂ ಸಪಾಟಾಗಿರಲು ಆ ಹಾರ್ನುಗಳೇ ಕಾರಣ.

ನನ್ನ ಎಡಕ್ಕೆ ಗುಲ್ ಖಾನನ ಟಯರ್ ಅಂಗಡಿ. ಪೇಶಾವರದ ಕಡೆಯವನು, ಮಾತು ಕಡಿಮೆ, ಸುತ್ತಿಗೆ ಜೋರು. ಬಲಕ್ಕೆ ಇಬ್ರಾಹಿಂ ಅವರ ಟೈಲರ್ ಅಂಗಡಿ. ಅವರು ಉಳ್ಳಾಲದವರು, ನನಗಿಂತ ಹಿರಿಯರು, ನನಗಿಂತ ಮೊದಲೇ ಇಲ್ಲಿಗೆ ಬಂದವರು. ಕ್ರೈಸ್ತರನ್ನು, ಮುಸ್ಲಿಮರನ್ನು ಕರೆಯುವ ನಮ್ಮ ಕರಾವಳಿಯ ರೂಢಿಯಂತೆ ಅವರು ನನ್ನನ್ನು ‘ಪೊರ್ಬುಗಳೇ’ ಎಂದು ಕರೆಯುತ್ತಾರೆ, ನಾನು ಅವರನ್ನು ‘ಬ್ಯಾರಿಗಳೇ’ ಎನ್ನುತ್ತೇನೆ. ಊರಿನಲ್ಲಿ ಇದ್ದಿದ್ದರೆ ನಾವು ಒಬ್ಬರನ್ನೊಬ್ಬರು ನೋಡುತ್ತಲೇ ಇರಲಿಲ್ಲ. ಇಲ್ಲಿ ಒಂದು ದಿನ ಜಗಳವಾಡದಿದ್ದರೆ ಇಬ್ಬರಿಗೂ ಅನ್ನ ಸೇರುವುದಿಲ್ಲ.

ಈ ಮೂರು ಅಂಗಡಿಗಳ ಸಾಲು ಹಮೂದ್ ಎಂಬ ಒಮಾನಿ ಹಿರಿಯರದ್ದು. ನಮ್ಮ ವೀಸಾಕ್ಕೆ ಹೊಣೆ ನಿಂತ ಕಫೀಲರೂ ಅವರೇ. ನಾವು ‘ಅರ್ಬಾಬ್’ ಎನ್ನುವುದು, ಯಜಮಾನರೇ ಅಂದ ಹಾಗೆ. ಸಂಜೆ ಕೋಲೂರಿಕೊಂಡು ಬಂದು ನನ್ನ ಅಂಗಡಿಯ ಹೊರಗಿನ ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು ಅವರ ಅಭ್ಯಾಸ. ಈ ಊರಿನ ಚರಿತ್ರೆಯೆಲ್ಲ ನನಗೆ ಅವರ ಬಾಯಿಂದಲೇ ಗೊತ್ತಾದದ್ದು. ಅವರ ತಂದೆಯ ಕಾಲದಲ್ಲಿ ಕಡಲ ಕಡೆಯಿಂದ ಒಣಮೀನು ಹೊತ್ತ ಒಂಟೆಗಳು ಇಲ್ಲಿಯ ಬಾವಿಯ ಬಳಿ ನಿಲ್ಲುತ್ತಿದ್ದವಂತೆ. ನೀರು ಸೇದಿ ಕೊಟ್ಟವರಿಗೆ ಒಂದಿಷ್ಟು ಮೀನು, ಒಂದಿಷ್ಟು ಖರ್ಜೂರ. ಹಾಗೆ ಬಾವಿಯ ಸುತ್ತ ನಾಲ್ಕು ಮನೆ ಎದ್ದವು. ಆಮೇಲೆ ರಸ್ತೆ ಬಂತು, ಒಂಟೆ ಹೋಯಿತು, ಲಾರಿ ಬಂತು. ಹಮೂದ್ ಸ್ವತಃ ಸ್ವಲ್ಪ ಕಾಲ ಲಾರಿ ಓಡಿಸಿದರು. ಚಡಾವು ಹತ್ತಿದ ಲಾರಿಗಳ ಟಯರು ಇಲ್ಲಿಗೆ ಬರುವಾಗ ಸುಡುತ್ತಿರುತ್ತದೆ ಎಂದು ಕಂಡುಕೊಂಡದ್ದು ಆಗಲೇ. ಮೊದಲು ಟಯರ್ ಅಂಗಡಿ ಕಟ್ಟಿಸಿದರು, ಆಮೇಲೆ ಉಳಿದೆರಡು.

ಮೂರು ವರ್ಷಗಳ ಹಿಂದೆ ಗುಡ್ಡದ ಮೇಲೆ ಬಣ್ಣದ ಗೂಟಗಳು ಕಾಣಿಸಿಕೊಂಡವು. ಬಂದರಿನಿಂದ ಗಡಿಯಾಚೆಗೆ ರೈಲು ಹಾಕುತ್ತಾರೆ ಎಂದು ಸುದ್ದಿ. ನೋಡುನೋಡುತ್ತ ದೊಡ್ಡ ಯಂತ್ರಗಳು ಬಂದವು, ಗುಡ್ಡ ಕಡಿದರು, ಮಳೆ ಬಂದರೆ ಮಾತ್ರ ನೀರು ಹರಿಯುವ ವಾದಿಗಳಿಗೆ ಅಡ್ಡವಾಗಿ ಕಂಬಗಳು ಎದ್ದವು. ಒಂದು ಸಂಜೆ ಹಮೂದ್ ಚಹಾ ಹೀರುತ್ತ ನನ್ನನ್ನು ಕೇಳಿದರು. ಅವರು ಮಾತಾಡುವುದು ಅರಬಿಗೆ ಉರ್ದು ಬೆರೆಸಿ, ನಾನು ಉತ್ತರ ಕೊಡುವುದು ಉರ್ದುವಿಗೆ ಅರಬಿ ಬೆರೆಸಿ.

“ಯಾ ಫಿನ್ಸಂತ್” ಎಂದರು. ಅವರ ಬಾಯಲ್ಲಿ ನಾನು ಫಿನ್ಸಂತ್. “ಒಂಟೆ ನೀರಿಗೆ ನಿಂತಿತು. ಲಾರಿ ಟಯರಿಗೆ ನಿಂತಿತು. ಈ ರೈಲು ನಮ್ಮೂರಲ್ಲಿ ಯಾವುದಕ್ಕೆ ನಿಲ್ತದೆ? ನಿಮ್ಮ ದೇಶದ ತುಂಬ ರೈಲು ಇದೆ. ನಿಮ್ಮೂರಿಗೆ ರೈಲು ಬಂದಾಗ ಏನಾಯಿತು?”

“ಒಳ್ಳೆಯದಾಯಿತು ಅರ್ಬಾಬ್” ಎಂದುಬಿಟ್ಟೆ. ಆಮೇಲೆ ಪಾತ್ರೆ ಉಕ್ಕುತ್ತಿದೆ ಎಂಬ ನೆಪ ಮಾಡಿಕೊಂಡು ಒಳಗೆ ಹೋದೆ.

ನಮ್ಮೂರಿಗೆ ರೈಲು ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅದಕ್ಕಿಂತ ಮೊದಲು ಊರು ಎಂದರೆ ಹೊಳೆಯ ಕಡವು. ಕಾರ್ಖಾನೆಯ ಹೆಂಚು ದೋಣಿಯಲ್ಲಿ ಬಂದು ಅಲ್ಲೇ ಲಾರಿಗೆ ಏರುತ್ತಿತ್ತು. ಆಚೆ ದಡದವರು ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಎಂದು ಅಲ್ಲೇ ಇಳಿಯುತ್ತಿದ್ದರು. ಕಡವಿನ ಎದುರು ಅಪ್ಪನ ಹೋಟೆಲು. ಗೋಳಿಬಜೆ, ಬನ್ಸ್, ಚಹಾ. ಪಕ್ಕದಲ್ಲಿ ಒಂದು ಕ್ಷೌರದ ಅಂಗಡಿ, ಒಂದು ಸೈಕಲ್ ಅಂಗಡಿ, ಒಂದು ಸೋಡಾ ಅಂಗಡಿ. ರೈಲು ಬರುತ್ತದೆ ಎಂದಾಗ ಅಪ್ಪನಷ್ಟು ಖುಷಿಪಟ್ಟವರು ಊರಲ್ಲೇ ಇರಲಿಲ್ಲ. ಎರಡು ಹೊಸ ಬೆಂಚು ಮಾಡಿಸಿದರು. ಆದರೆ ಸ್ಟೇಷನ್ ಆದದ್ದು ಊರಾಚೆ, ಗದ್ದೆಗಳ ನಡುವೆ. ಅದರ ಬೆನ್ನಿಗೇ ಹೊಳೆಗೆ ರಸ್ತೆ ಸೇತುವೆಯೂ ಆಯಿತು, ದೋಣಿ ನಿಂತಿತು. ಹೆಂಚಿನ ಕಾರ್ಖಾನೆಯೂ ಮುಚ್ಚಿತು. ಸೋಡಾ ಅಂಗಡಿಯವರು ಸ್ಟೇಷನ್ ರಸ್ತೆಗೆ ಹೋದರು, ಸೈಕಲಿನವರು ಹೈವೇಗೆ, ಕ್ಷೌರದವರು ಬೊಂಬಾಯಿಗೆ.

ಸ್ಟೇಷನ್ ರಸ್ತೆಯಲ್ಲಿ ಜಾಗ ಇದ್ದದ್ದು ದಿನಾ ಬೆಳಿಗ್ಗೆ ಅಪ್ಪನ ಹೋಟೆಲಿನಲ್ಲೇ ಬನ್ಸ್ ತಿನ್ನುತ್ತಿದ್ದ ಒಬ್ಬ ಶೆಟ್ಟರದ್ದು. ಒಂದು ಮಾತು ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದರು. ಅಮ್ಮ ಹೇಳಿ ಹೇಳಿ ಸೋತರು. “ಕೇಳಿ ತಗೊಂಡ್ರೆ ನಾಳೆ ಅವರೆದುರು ತಲೆ ಎತ್ತಿ ನಿಲ್ಲುವುದು ಹೇಗೆ?” ಎನ್ನುತ್ತಿದ್ದರು ಅಪ್ಪ. ಕೊನೆಗಾಲದಲ್ಲಿ ಸಂಜೆ ಖಾಲಿ ಹೋಟೆಲಿನಲ್ಲಿ ತಮಗೆ ತಾವೇ ಒಂದು ಗ್ಲಾಸು ಚಹಾ ಮಾಡಿಕೊಂಡು ಹೊಸ ಬೆಂಚಿನ ಮೇಲೆ ಕೂತಿರುತ್ತಿದ್ದರು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು, ಅವರು ಮುಟ್ಟುತ್ತಿರಲಿಲ್ಲ. ನಾನು ಶಾಲೆಯಿಂದ ಬಂದು ಆ ಗ್ಲಾಸನ್ನು ಎತ್ತಿ ತೊಳೆಯಲು ಒಯ್ಯುತ್ತಿದ್ದೆ. ಇದನ್ನೆಲ್ಲ ಪರದೇಶದಲ್ಲಿ ಬಿಚ್ಚಿಡುವುದು ನನಗೆ ಬೇಡವಾಗಿತ್ತು. ಕೇಳದಿರುವ ಹಟವೂ ಅಪ್ಪನಿಂದ ನನಗೆ ಹಾಗೆಯೇ ಬಂದಿತ್ತು, ಮೂಗಿನ ಜೊತೆಯಲ್ಲಿ.

2025ರಲ್ಲಿ ರಂಜಾನ್ ಹತ್ತಿರವಾದಾಗ ಹಮೂದ್ ಅವರ ಮಗ ನಾಸರ್ ನಮ್ಮ ಸಾಲಿಗೆ ಬಂದ. ಬಂದರಿನಲ್ಲಿ ಕೆಲಸ, ಮರ್ಯಾದಸ್ಥ ಹುಡುಗ. ನಮ್ಮನ್ನು ಕೂರಿಸಿ ವಿಷಯ ಹೇಳಿದ. ರೈಲು ಕೆಲಸದ ಗುತ್ತಿಗೆದಾರರಿಗೆ ಪೈಪು, ಯಂತ್ರ ಇಡಲು ಈ ಜಾಗ ಬೇಕಂತೆ. ಬೇಸಿಗೆ ಮುಗಿಯುವುದರೊಳಗೆ ಅಂಗಡಿ ಬಿಟ್ಟುಕೊಡಬೇಕು, ಸಾಲು ಕೆಡವುತ್ತಾರೆ. ಲಾರಿಗಳೂ ಇನ್ನು ಮುಂದೆ ಹೊಸ ಬಳಸುದಾರಿಯಲ್ಲಿ ಮೇಲಿನಿಂದ ಹೋಗುತ್ತವೆ. ಮೇಲೆ ಎಂದರೆ ರೈಲು ಹಳಿಯ ಬದಿಗೆ, ಕೆಲಸಗಾರರ ದೊಡ್ಡ ಕ್ಯಾಂಪ್ ಎದ್ದಿರುವ ಕಡೆ. ಆ ಕ್ಯಾಂಪಿನ ಗೇಟಿನ ಎದುರೇ ಹಮೂದ್ ಅವರದ್ದು ಇನ್ನೊಂದು ಜಾಗವಿತ್ತು. ಅದನ್ನು ನಾಸರ್ ಸೊಹಾರಿನ ಒಂದು ಸೂಪರ್ ಮಾರ್ಕೆಟಿನವರಿಗೆ ಕೊಡುವ ಮಾತಾಗಿತ್ತು.

ಅಂಗಡಿ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರಿಗೆ ಟಿಕೆಟ್. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿ ಇತ್ತು. “ಪೊರ್ಬುಗಳೇ, ನಿಮ್ಮ ಹತ್ರ ಅರ್ಬಾಬಿಗೆ ಪ್ರೀತಿ ಉಂಟು. ಆ ಮೇಲಿನ ಜಾಗ ಒಂದು ಮಾತು ಕೇಳಿ ನೋಡಿ” ಎಂದು ಇಬ್ರಾಹಿಂ ಹಿಂದೆ ಬಿದ್ದರು. “ಮಗ ಒಬ್ಬರಿಗೆ ಮಾತು ಕೊಟ್ಟ ಮೇಲೆ ಅಪ್ಪನ ಹತ್ತಿರ ಕೇಳುವುದು ಸಮ ಅಲ್ಲ” ಎಂದೆ ನಾನು. ಹೇಳಿಕೊಳ್ಳಲು ಅದೊಂದು ಒಳ್ಳೆಯ ಕಾರಣ ಸಿಕ್ಕಿತ್ತು. ಅಸಲಿಗೆ ಬಾಯಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ರಂಜಾನೂ ನಮ್ಮ ತಪಸ್ಸು ಕಾಲವೂ ಹೆಚ್ಚುಕಡಿಮೆ ಒಟ್ಟಿಗೆ ಶುರುವಾದವು. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ನಮ್ಮವರು ತಮಗೆ ತುಂಬ ಇಷ್ಟವಾದ ಏನನ್ನಾದರೂ ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಕುಡಿತ. ನಾನು ಪ್ರತಿ ವರ್ಷ ಬಿಡುವುದು ಚಹಾ ಮತ್ತು ಕಾಫಿ. ಚಹಾ ಮಾರುವವನು ಚಹಾ ಬಿಡುವುದು ಎಂಥ ಕಷ್ಟ ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ. ರುಚಿ ನೋಡಲೂ ಇಲ್ಲ. ಬಣ್ಣ ನೋಡಿ, ವಾಸನೆ ನೋಡಿ ಇಳಿಸಬೇಕು. ಸಂಜೆ ಉಪವಾಸ ಬಿಟ್ಟ ಮೇಲೆ ಇಬ್ರಾಹಿಂ ಬಂದು ರುಚಿ ನೋಡಿ ಹೇಳುತ್ತಿದ್ದರು. “ಸಕ್ಕರೆ ಕಮ್ಮಿ” ಎಂದು ಹೇಳಿಯೇ ಎರಡು ಗ್ಲಾಸು ಮುಗಿಸುವ ಆಸಾಮಿ.

ಈದ್ ಬಂತು. ಎರಡನೆಯ ದಿನ ನಾವು ಮೂವರೂ ಒಗೆದ ಅಂಗಿ ಹಾಕಿಕೊಂಡು ಹಮೂದ್ ಅವರ ಮನೆಗೆ ಹೋದೆವು. ಅದು ಪ್ರತಿ ವರ್ಷದ ಪದ್ಧತಿ. ಮಜ್ಲಿಸ್ ಎಂದರೆ ಬಂದವರನ್ನು ಕೂರಿಸುವ ಅವರ ಉದ್ದನೆಯ ಕೋಣೆ. ಗೋಡೆಗೆ ಒರಗು ದಿಂಬು, ಕೆಳಗೆ ಕಂಬಳಿ, ನಡುವೆ ಹಲ್ವ, ಖರ್ಜೂರ. ಅವತ್ತು ಅವರ ತಮ್ಮಂದಿರು, ಭಾವಂದಿರು, ಬಂಧುಗಳು ಎಲ್ಲ ಸೇರಿ ಕೋಣೆ ತುಂಬಿತ್ತು. ನಾಸರ್ ಫ್ಲಾಸ್ಕ್ ಹಿಡಿದು ಎಲ್ಲರಿಗೂ ಕಹ್ವಾ ಬಗ್ಗಿಸುತ್ತಿದ್ದ. ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ಕಾಫಿ ಅದು, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ. ಹಿಂದಿನ ವರ್ಷಗಳಲ್ಲಿ ಈದ್ ಬರುವಾಗ ನಮ್ಮ ಈಸ್ಟರ್ ಮುಗಿದಿರುತ್ತಿತ್ತು, ಕೊಟ್ಟಷ್ಟು ಕುಡಿದು ಬರುತ್ತಿದ್ದೆ. ಈ ಸಲ ಇನ್ನೂ ನನ್ನ ವ್ರತ ನಡೆಯುತ್ತಿತ್ತು.

ನಮ್ಮ ಕಡೆ ಯಾರ ಮನೆಯಲ್ಲಾದರೂ ಕುಡಿಯಲು ಕೊಟ್ಟರೆ ಬೇಡ ಎನ್ನುವುದು ಅವಮಾನ. ಬೇಡವಾಗಿದ್ದರೂ ಎರಡು ಕೈಯಿಂದ ತೆಗೆದುಕೊಂಡು ಎದುರಿಗೆ ಇಟ್ಟುಕೊಳ್ಳುತ್ತೇವೆ. ಮನೆಯವರಿಗೂ ಅರ್ಥವಾಗುತ್ತದೆ, ಯಾರಿಗೂ ಬೇಸರವಿಲ್ಲ. ನಾನು ಅದನ್ನೇ ಮಾಡಿದೆ. ನಾಸರ್ ಕೊಟ್ಟ ಬಟ್ಟಲನ್ನು ನಗುನಗುತ್ತ ತೆಗೆದುಕೊಂಡೆ, ತುಟಿಗೆ ತಾಗಿಸದೆ ಕಂಬಳಿಯ ಮೇಲೆ ಇಟ್ಟೆ, ಕೈ ಕಟ್ಟಿ ಕುಳಿತೆ.

ಹಲ್ವ ತಿನ್ನುತ್ತಿದ್ದವರ ಕೈ ನಿಂತಿತು. ಎಲ್ಲರೂ ನನ್ನನ್ನು, ನನ್ನೆದುರಿನ ಬಟ್ಟಲನ್ನು ನೋಡುತ್ತಿದ್ದರು. ಹಮೂದ್ ನೆಟ್ಟಗೆ ಕುಳಿತರು. ಎದೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಕುಡಿ ಫಿನ್ಸಂತ್. ನೀನು ಕೇಳುವುದನ್ನು ಕೊಟ್ಟಾಯಿತು.”

ಈದ್ ದಿನ ಹೇಳುವ ಆಶೀರ್ವಾದದ ಮಾತು ಇರಬೇಕು ಎಂದುಕೊಂಡು ನಾನು ಹಲ್ಲು ಕಿರಿದೆ. ಇಬ್ರಾಹಿಂ ನನ್ನ ತೊಡೆಗೆ ಚಿವುಟಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು.

“ಎಂತ ಮಾಡಿದ್ದು ಮಾರಾಯ್ರೇ ನೀವು! ಮಂಡೆ ಸಮ ಉಂಟಾ?” ಎಂದು ಪಿಸುಗುಟ್ಟಿದರು. “ಇವರ ಹಿರಿಯರ ಕ್ರಮ ಅದು. ಬಂದ ನೆಂಟ ಕಹ್ವಾ ಕುಡಿಯದೆ ಕೆಳಗಿಟ್ರೆ, ಅವನಿಗೆ ಏನೋ ಬೇಡಿಕೆ ಉಂಟು ಅಂತ ಅರ್ಥ. ಕೊಡ್ತೇನೆ ಅಂತ ಯಜಮಾನ ಹೇಳುವವರೆಗೆ ಅವನು ಕುಡಿಯುವುದಿಲ್ಲ. ಈಗ ಅರ್ಬಾಬ್ ಹೇಳಿಯಾಯ್ತು. ಸುಮ್ನೆ ಕೂತ್ರೆ ಅವರ ಮರ್ಯಾದೆ ಹೋಗ್ತದೆ. ಕೇಳಿ!”

ನನ್ನ ಕಿವಿ ಬಿಸಿಯಾಯಿತು. “ಅರ್ಬಾಬ್, ತಪ್ಪು ತಿಳಿಯಬೇಡಿ” ಎಂದು ತೊದಲಿದೆ. “ನನಗೆ ಏನೂ ಬೇಡ. ನಿಮ್ಮದು ಮೊನ್ನೆ ಮುಗಿಯಿತಲ್ಲ, ಹಾಗೆ ನಮ್ಮದೂ ಒಂದು ಉಪವಾಸ. ಅದರಲ್ಲಿ ನಾನು ಚಹಾ, ಕಾಫಿ ಕುಡಿಯುವುದಿಲ್ಲ. ಈ ಕ್ರಮ ನನಗೆ ಗೊತ್ತಿರಲಿಲ್ಲ.”

ಕೋಣೆಯಲ್ಲಿ ನಗುವೋ ನಗು. ಒಬ್ಬರಂತೂ ದಿಂಬಿಗೆ ಬಿದ್ದು ನಕ್ಕರು. ಹಮೂದ್ ಅವರೂ ನಕ್ಕರು, ಆಮೇಲೆ ಕೈ ಎತ್ತಿದರು.

“ನಿನಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತಲ್ಲ? ಇಷ್ಟು ಜನರ ಎದುರು ಕೊಟ್ಟೆ ಅಂತ ಹೇಳಿದವನು ನಾನು. ಈಗ ನೀನು ಏನನ್ನಾದರೂ ಕೇಳಲೇಬೇಕು. ಯಲ್ಲಾ, ಕೇಳು.”

ಒಂದು ಡಬ್ಬಿ ಹಲ್ವ ಕೇಳಿ ಬಚಾವಾಗಬಹುದಿತ್ತು. ನಿಜ ಹೇಳುತ್ತೇನೆ, ನಾಲಿಗೆಯ ತುದಿಯವರೆಗೆ ಅದೇ ಬಂದಿತ್ತು. ಎಲ್ಲರೂ ಇನ್ನೊಮ್ಮೆ ನಗುತ್ತಿದ್ದರು, ಡಬ್ಬಿ ಹಿಡಿದು ಮನೆಗೆ ಬರುತ್ತಿದ್ದೆ, ಬೇಸಿಗೆ ಮುಗಿಯುವಾಗ ಗಂಟುಮೂಟೆ ಕಟ್ಟುತ್ತಿದ್ದೆ. ತಲೆ ತಗ್ಗಿಸಿದಾಗ ಎದುರಿಗೆ ಆ ಬಟ್ಟಲು ಕಂಡಿತು. ಕಹ್ವಾದ ಹಬೆ ನಿಂತಿತ್ತು. ಕಡವಿನ ಹೋಟೆಲಿನ ಬೆಂಚಿನ ಮೇಲಿನ ಅಪ್ಪನ ಗ್ಲಾಸು ನೆನಪಾಯಿತು. ನನಗೆ ಅಳು ಬಂದಂತಾಯಿತು, ಯಾಕೆಂದು ಆಗ ತಿಳಿಯಲಿಲ್ಲ. ಆದರೆ ಬಾಯಿ ತಾನಾಗಿ ತೆರೆಯಿತು.

“ಅರ್ಬಾಬ್, ನಮ್ಮೂರಿಗೆ ರೈಲು ಬಂದಾಗ ಏನಾಯಿತು ಅಂತ ನೀವು ಒಮ್ಮೆ ಕೇಳಿದಿರಿ. ಒಳ್ಳೆಯದಾಯಿತು ಅಂದೆ. ಊರಿಗೆ ಒಳ್ಳೆಯದೇ ಆಯಿತು. ನಮ್ಮ ಅಪ್ಪನಿಗೆ ಆಗಲಿಲ್ಲ” ಎಂದು ಶುರುಮಾಡಿದೆ. ಕಡವು, ದೋಣಿ, ಗದ್ದೆಯ ನಡುವಿನ ಸ್ಟೇಷನ್, ಚದುರಿಹೋದ ಅಂಗಡಿಗಳು, ಎಲ್ಲ ಹೇಳಿದೆ. ನನ್ನ ಹರಕುಮುರುಕು ಅರಬಿ ಸಾಲದೆ ಹೋದಲ್ಲಿ ಇಬ್ರಾಹಿಂ ಸೇರಿಸಿದರು. ಕೊನೆಗೆ ಹೇಳಿದೆ: “ಕೆಳಗಿನ ಸಾಲು ಹೋಗಲಿ, ಅದನ್ನು ಕೇಳುವುದಿಲ್ಲ. ದಾರಿ ಸರಿದ ಮೇಲೆ ಅಲ್ಲಿ ಕೂತು ಪ್ರಯೋಜನವಿಲ್ಲ. ಮೇಲೆ, ಕ್ಯಾಂಪಿನ ಗೇಟಿನ ಎದುರು ನಮಗೆ ಜಾಗ ಕೊಡಿ. ಮೂರು ಅಂಗಡಿಗೂ ಕೊಡಿ, ಒಂದೇ ಸಾಲಿನಲ್ಲಿ.”

ನಾಸರ್ ಫ್ಲಾಸ್ಕನ್ನು ಕೆಳಗಿಟ್ಟ. ಅವನ ಮುಖ ಬಿಗಿದಿತ್ತು. “ಅಲ್ಲಿಗೆ ಸೂಪರ್ ಮಾರ್ಕೆಟಿನವರು ಬರ್ತಾರೆ ಬಾಬಾ. ನಾನು ಅವರಿಗೆ ಮಾತು ಕೊಟ್ಟಿದ್ದೇನೆ” ಎಂದು ತಂದೆಗೆ ಹೇಳಿದ.

ಹಮೂದ್ ನನ್ನನ್ನೇ ನೋಡಿದರು. “ನಿನ್ನ ಒಂದು ಅಂಗಡಿಗೆ ಕೇಳಬಹುದಿತ್ತು. ಮೂರಕ್ಕೆ ಯಾಕೆ ಕೇಳಿದೆ?”

ದೊಡ್ಡ ಮನಸ್ಸಿನಿಂದ ಕೇಳಿದೆ ಎಂದು ನೀವು ತಿಳಿಯಬಾರದು. ವ್ಯಾಪಾರದ ಲೆಕ್ಕಾಚಾರವೇ ಅದು. “ಬರೀ ಚಹಾಕ್ಕೆ ಅಂತ ಯಾರೂ ಲಾರಿ ನಿಲ್ಲಿಸುವುದಿಲ್ಲ ಅರ್ಬಾಬ್” ಎಂದೆ. “ಗುಲ್ ಖಾನ್ ಟಯರ್ ಬಿಚ್ಚಿದರೆ ನನ್ನ ಚಹಾ ಖರ್ಚಾಗುತ್ತದೆ. ನಾನು ಚಹಾ ಕೊಟ್ಟು ಕೂರಿಸಿದರೆ ಇಬ್ರಾಹಿಂ ಪ್ಯಾಂಟಿನ ಅಳತೆ ತೆಗೆಯುತ್ತಾರೆ. ಒಬ್ಬನೇ ಹೋದರೆ ನಾನೂ ನಮ್ಮ ಅಪ್ಪನ ಹಾಗೆಯೇ. ರೈಲು ಯಾವುದಕ್ಕೆ ನಿಲ್ಲುತ್ತದೆ ಅಂತ ಕೇಳಿದಿರಿ. ನಮಗಾಗಿ ನಿಲ್ಲುವುದಿಲ್ಲ. ಆದರೆ ಅದನ್ನು ಕಟ್ಟುವವರಿಗೆ, ಓಡಿಸುವವರಿಗೆ ಹಸಿವಾಗುತ್ತದೆ, ಅಂಗಿ ಹರಿಯುತ್ತದೆ, ಗಾಡಿ ಪಂಕ್ಚರ್ ಆಗುತ್ತದೆ.”

ಗುಲ್ ಖಾನ್ ಇಷ್ಟು ಹೊತ್ತು ಖರ್ಜೂರದ ತಟ್ಟೆಯನ್ನೇ ನೋಡುತ್ತಿದ್ದವನು ತಲೆ ಎತ್ತಿ, “ಸಹೀ ಬಾತ್” ಎಂದ. 

ಹಮೂದ್ ಮಗನ ಕಡೆ ತಿರುಗಿದರು. “ನಿನ್ನದೂ ಮಾತು, ನನ್ನದೂ ಮಾತು. ಎರಡಕ್ಕೂ ಆ ಜಾಗದಲ್ಲಿ ಎಡೆ ಮಾಡು” ಎಂದರು. ನಾಸರ್ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದ. ಆಮೇಲೆ ಹಮೂದ್ ನನಗೆ ಬಟ್ಟಲು ತೋರಿಸಿದರು. “ಖಲಾಸ್. ಈಗ ಕುಡಿ.”

ಈಗ ನಾನು ನಿಜವಾಗಿ ಸಿಕ್ಕಿಬಿದ್ದೆ. ಕುಡಿದರೆ ಮಾತು ಪಕ್ಕಾ. ಕುಡಿದರೆ ವ್ರತ ಭಂಗ. ಇಬ್ರಾಹಿಂ ನನ್ನ ಕೈಗೆ ಬಟ್ಟಲು ತುರುಕುವುದೊಂದು ಬಾಕಿ. ನಾನು ಬಟ್ಟಲು ಎತ್ತಿದೆ, ಏಲಕ್ಕಿಯ ವಾಸನೆ ಮೂಗಿಗೆ ಬಂತು, ತುಟಿಯ ಹತ್ತಿರ ತಂದು ಅಲ್ಲೇ ನಿಲ್ಲಿಸಿದೆ. ಹಮೂದ್ ನನ್ನ ಮುಖ ನೋಡಿದರು. ಅವರೂ ಒಂದು ತಿಂಗಳು ಬಾಯಾರಿಕೆ ಸಹಿಸಿ ಎದ್ದವರು ಎಂಬುದು ನನಗೆ ಆ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

“ಎಂದಿನವರೆಗೆ ನಿನ್ನ ಉಪವಾಸ?” ಎಂದು ಕೇಳಿದರು.

“ಇನ್ನು ಮೂರು ವಾರ ಇದೆ ಅರ್ಬಾಬ್.”

“ಹಾಗಾದರೆ ಕೆಳಗಿಡು. ದೇವರಿಗೆ ಕೊಟ್ಟ ಮಾತು ಮುರಿಸಿ ನನ್ನ ಮಾತು ಉಳಿಸಿಕೊಳ್ಳಲಾ? ಕಹ್ವಾ ತಣ್ಣಗಾಗಲಿ. ನನ್ನ ಮಾತು ತಣ್ಣಗಾಗುವುದಿಲ್ಲ.”

ನಾನು ಬಟ್ಟಲು ಕೆಳಗಿಟ್ಟೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಕಾಲು ಯಾವುದು, ಚಪ್ಪಲಿ ಯಾವುದು ಗೊತ್ತಾಗಲಿಲ್ಲ. ಇಬ್ರಾಹಿಂ ದಾರಿಯುದ್ದಕ್ಕೂ ಬೈದರು. “ಒಂದು ಗುಟುಕು ಪೊರ್ಬುಗಳೇ! ಒಂದು ಗುಟುಕು ಕುಡಿದಿದ್ರೆ ನಿಮ್ಮ ಸ್ವರ್ಗದ ಬಾಗಿಲು ಮುಚ್ತಿತ್ತಾ? ಈಗ ಮೂರು ವಾರದಲ್ಲಿ ಮಗ ಅಪ್ಪನ ಮನಸ್ಸು ತಿರುಗಿಸಿದ್ರೆ ಎಂತ ಮಾಡುವುದು? ಕುಡಿಯದ ಕಹ್ವಾಕ್ಕೆ ಎಲ್ಲಿಯ ಬೆಲೆ?”

ಹೆಂಡತಿ ಫ್ಲಾವಿಯಾ ಆದರೂ ಮೆಚ್ಚಿಕೊಳ್ಳುತ್ತಾಳೆ ಎಂದು ರಾತ್ರಿ ಊರಿಗೆ ಫೋನ್ ಮಾಡಿದೆ. ತಪಸ್ಸು ಕಾಲದಲ್ಲಿ ಮನೆಯ ಮಕ್ಕಳಿಗೆ ಚಾಕಲೇಟು ಕೂಡ ಮುಟ್ಟಲು ಬಿಡದವಳು ಅವಳು. ಕೊಂಕಣಿಯಲ್ಲಿ ಅವಳು ಬೈದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: “ಅಯ್ಯೋ ದೇವರೇ, ಅಷ್ಟು ಸಣ್ಣ ಬಟ್ಟಲು ಕಾಫಿಗೆ ಯೇಸು ಸ್ವಾಮಿ ಕೋಪ ಮಾಡ್ತಾರಾ? ಫಾದರ್ ಹತ್ರ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಎಲ್ಲಾ ಬಿಟ್ಟು ಅಲ್ಲೇ ನಿಮಗೆ ಭಕ್ತಿ ಬರಬೇಕಿತ್ತಾ?”

ಆ ಮೂರು ವಾರ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಹಮೂದ್ ಸಂಜೆಯ ಹೊತ್ತು ಬರುವುದನ್ನೇ ನಿಲ್ಲಿಸಿದರು. ಮೊಣಕಾಲು ನೋವು ಎಂದು ಯಾರೋ ಹೇಳಿದರು, ನನಗೆ ನಂಬಿಕೆ ಬರಲಿಲ್ಲ. ನಾಸರ್ ಒಂದು ದಿನ ಕಾರಿನಲ್ಲಿ ಬಂದ, ಹಾರ್ನ್ ಹೊಡೆದ. ನಾನು ಚಹಾ ಒಯ್ದೆ. ತೆಗೆದುಕೊಂಡ, ಹೊರಟುಹೋದ. ಗುಲ್ ಖಾನ್ ಒಂದು ಮಧ್ಯಾಹ್ನ ತನ್ನ ಜ್ಯಾಕುಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದ. ಹೊರಡಲು ಕಟ್ಟುತ್ತಿದ್ದಾನೋ, ಮೇಲೆ ಹೋಗಲು ಕಟ್ಟುತ್ತಿದ್ದಾನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಚಹಾ ಮಾತ್ರ ಮುಟ್ಟಲಿಲ್ಲ. ಇಷ್ಟೆಲ್ಲ ಆದ ಮೇಲೆ ಮುಟ್ಟಿದರೆ ಎರಡೂ ಕಡೆ ಕೆಟ್ಟವನಾಗುತ್ತಿದ್ದೆ.

ಈಸ್ಟರ್ ಜಾಗರಣೆಯ ಪೂಜೆಗೆ ಸೊಹಾರಿಗೆ ಹೋಗಿ, ಸ್ನೇಹಿತರ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಬಂದು ಅಂಗಡಿಯ ಬಾಗಿಲು ತೆಗೆದೆ. ಹಬ್ಬದ ದಿನ ಮೊದಲ ಚಹಾ ನಾನೇ ಕುಡಿಯಬೇಕೆಂದು ಪಾತ್ರೆ ಇಟ್ಟೆ. ಇನ್ನೂ ಕುದಿ ಬಂದಿರಲಿಲ್ಲ, ಹೊರಗೆ ಕಾರು ನಿಂತಿತು. ಹಾರ್ನ್ ಕೇಳಿಸಲಿಲ್ಲ. ಬಾಗಿಲು ತೆರೆದು ಹಮೂದ್ ಇಳಿದರು, ಕೋಲೂರಿಕೊಂಡು, ಕಾಲು ಎಳೆಯುತ್ತ. ಮೊಣಕಾಲು ನೋವು ನಿಜವೇ ಆಗಿತ್ತು. ಅವರ ಹಿಂದೆ ನಾಸರ್, ಅವನ ಕೈಯಲ್ಲಿ ಮಜ್ಲಿಸ್‌ನ ಅದೇ ಫ್ಲಾಸ್ಕ್.

ಹಮೂದ್ ತಮ್ಮ ಕುರ್ಚಿಯಲ್ಲಿ ಕೂತರು. ನನ್ನನ್ನೂ ಎದುರಿಗೆ ಕೂರಿಸಿದರು. “ನಿನ್ನ ಉಪವಾಸ ಮುಗಿಯಿತಾ?” ಎಂದರು.

“ಮುಗಿಯಿತು ಅರ್ಬಾಬ್. ಇವತ್ತು ನಮ್ಮ ಹಬ್ಬ.”

“ನಾಸರ್, ಬಗ್ಗಿಸು.”

ನಾಸರ್ ಫ್ಲಾಸ್ಕ್ ಬಗ್ಗಿಸಿದ. ಬಟ್ಟಲನ್ನು ಬಲಗೈಯಲ್ಲಿ ನನಗೆ ನೀಡುತ್ತ ಅವನೇ ಹೇಳಿದ: “ಸೂಪರ್ ಮಾರ್ಕೆಟಿನವರ ಹತ್ತಿರ ಮಾತಾಡಿದೆ ಅಂಕಲ್. ಅವರಿಗೆ ಮೂಲೆಯ ಜಾಗ ಸಾಕಂತೆ. ಪಕ್ಕದಲ್ಲಿ ಜನ ನಿಲ್ಲುವ ಅಂಗಡಿ ಇದ್ದರೆ ಅವರಿಗೂ ಒಳ್ಳೆಯದಂತೆ. ಗೇಟಿನ ಎದುರು ನಿಮ್ಮ ಮೂರು. ಮೊದಲು ಟಯರ್, ಆಮೇಲೆ ಚಹಾ, ಆಮೇಲೆ ಟೈಲರ್. ಸರಿ ತಾನೇ?” ಹಾಗೆ ಹೇಳುವಾಗ ಅವನ ಮುಖದಲ್ಲಿ ನಗು ಇತ್ತು.

ನಾನು ಕುಡಿದೆ. ಅಷ್ಟು ದಿನಗಳ ನಂತರ ಗಂಟಲಿಗೆ ಇಳಿದ ಮೊದಲ ಗುಟುಕು. ಕಹಿಯಾಗಿ, ಏಲಕ್ಕಿಯ ಘಮದೊಂದಿಗೆ, ಬಿಸಿಬಿಸಿಯಾಗಿ ಎದೆಯವರೆಗೆ ಇಳಿಯಿತು. ಕಣ್ಣು ತುಂಬಿದ್ದನ್ನು ನಾನು ಬಚ್ಚಿಡಲು ಹೋಗಲಿಲ್ಲ. ನಾಸರ್ ಇನ್ನೊಮ್ಮೆ ಬಗ್ಗಿಸಿದ, ಅದನ್ನೂ ಕುಡಿದೆ. ಅಷ್ಟರಲ್ಲಿ ಒಳಗೆ ಚಹಾ ಉಕ್ಕಿ ಒಲೆ ಆರಿತು. ಇಬ್ರಾಹಿಂ ಪಕ್ಕದ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತ ನಿಂತವರು ಒಳಗೆ ಓಡಿ ಗ್ಯಾಸ್ ಬಂದ್ ಮಾಡಿ, ಬಂದು, “ಹ್ಯಾಪಿ ಈಸ್ಟರ್ ಪೊರ್ಬುಗಳೇ. ಚಹಾ ಎಲ್ಲ ಹೋಯ್ತು” ಎಂದರು.

ಈಗ ನಾವು ಮೇಲಿದ್ದೇವೆ. ಅಂಗಡಿಯ ಹಿಂಬದಿಯಿಂದ ಹಳಿ ಕಾಣುತ್ತದೆ. ನಾನು ಇದನ್ನು ಬರೆಯುವಾಗ ಅದರ ಮೇಲೆ ಇನ್ನೂ ರೈಲು ಓಡಿಲ್ಲ, ಆದರೆ ಊರು ಆಗಲೇ ಅದರ ಕಡೆ ತಿರುಗಿ ಕೂತಿದೆ. ಕ್ಯಾಂಪಿನ ಜನ ಬೆಳಿಗ್ಗೆ ಸರತಿಯಲ್ಲಿ ನಿಲ್ಲುತ್ತಾರೆ. ಬಿಹಾರದವರು, ನೇಪಾಳದವರು, ಬಂಗಾಳಿಗಳು. ಭಾನುವಾರ ನಾನು ಗೋಳಿಬಜೆಯನ್ನೂ ಕರಿಯುತ್ತೇನೆ, ಹೆಸರು ಯಾರಿಗೂ ಬರುವುದಿಲ್ಲ, ತಟ್ಟೆ ಮಾತ್ರ ಖಾಲಿಯಾಗುತ್ತದೆ. ಹಮೂದ್ ಅವರಿಗೆ ನಡೆದು ಬರಲು ಆಗದ ಕಾರಣ ನಾಸರ್ ಸಂಜೆ ಕಾರಿನಲ್ಲಿ ತಂದು ಬಿಡುತ್ತಾನೆ. ಅವರು ಅದೇ ಹಳೆಯ ಕುರ್ಚಿಯಲ್ಲಿ ಕೂತು ಹಳಿಯನ್ನು ನೋಡುತ್ತಾರೆ. ಮಗಳ ಓದು ಮುಗಿಯುತ್ತ ಬಂತು. ಒಟ್ಟಿನಲ್ಲಿ ದೇವರು ಚೆನ್ನಾಗಿಟ್ಟಿದ್ದಾನೆ.

ಒಂದು ವಿಷಯ ಮಾತ್ರ ಆ ಈದ್ ದಿನದ ನಂತರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಸಂಜೆ ಹೊತ್ತು ಖಾಲಿ ಹೋಟೆಲಿನಲ್ಲಿ ಚಹಾ ಮುಟ್ಟದೆ ಕೂತಿರುತ್ತಿದ್ದ ಅಪ್ಪ. ಬಾಯಿ ಬಿಟ್ಟು ಕೇಳಲಾಗದವರು ಅವರು. ಅವರ ಎದುರಿಗೂ ಬಟ್ಟಲು ಕೆಳಗೇ ಇತ್ತು, ಪ್ರತಿ ದಿನ. ಅದಕ್ಕೆ ಅರ್ಥವಿದೆ ಎಂದು ತಿಳಿಯುವವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ನಾನಂತೂ ಗ್ಲಾಸು ಎತ್ತಿ ತೊಳೆದಿಟ್ಟೆ.

ಈಗ ನನ್ನ ಅಂಗಡಿಯಲ್ಲಿ ಯಾರಾದರೂ ಚಹಾ ತರಿಸಿಕೊಂಡು ಕುಡಿಯದೆ ಸುಮ್ಮನೆ ಕೂತಿದ್ದರೆ, ಹೊರಗೆ ಎಷ್ಟು ಹಾರ್ನ್ ಹೊಡೆದರೂ ನಾನು ಓಡುವುದಿಲ್ಲ. ಕೈ ಒರೆಸಿಕೊಂಡು ಅವರ ಎದುರಿಗೆ ಹೋಗಿ ಕೂರುತ್ತೇನೆ. “ಏನು ಬೇಕಿತ್ತು? ಹೇಳಿ” ಎಂದು ಕೇಳುತ್ತೇನೆ.